ಧಾರ್ಮಿಕ ಸಂಸ್ಥೆ ಸುಳ್ಳು ಹೇಳಿ ಹಣ, ತೋಟ ಪಡೆದರೆ ಕಾನೂನು ಹಿಡಿಯುತ್ತದೆಯೇ?

ನಿಮ್ಮ ಪ್ರಶ್ನೆಯನ್ನು ಮೊದಲು ಹೀಗೆ ಕೂಡಿಸಿಕೊಳ್ಳುತ್ತೇನೆ. ಶಿರಸಿ ತಾಲೂಕಿನ ನಿಮ್ಮ ದೊಡ್ಡಪ್ಪ ಒಂದು ಧಾರ್ಮಿಕ ಟ್ರಸ್ಟಿನ ಸದಸ್ಯರು. ಗೋಶಾಲೆ ಕಟ್ಟುತ್ತೇವೆಂದು ಅವರಿಂದ 6 ಲಕ್ಷ ತೆಗೆದುಕೊಂಡರು, ಗೋಶಾಲೆ ಆಗಲಿಲ್ಲ. ಆಮೇಲೆ ಒಂದು ಎಕರೆ ಅಡಿಕೆ ತೋಟವನ್ನು ದಾನಪತ್ರ ಮಾಡಿಸಿಕೊಂಡರು. ಈಗ ಸಕ್ಕರೆ ಕಾಯಿಲೆಯ ಮಾತ್ರೆ ಬಿಡಿ, ತೀರ್ಥ ಸಾಕು ಎನ್ನುತ್ತಿದ್ದಾರೆ. ಸಂಸ್ಥೆಯನ್ನು ಕೋರ್ಟಿಗೆ ಎಳೆಯಬಹುದೇ ಎಂದು ಕೇಳಿದ್ದೀರಿ.

ಎಳೆಯಬಹುದು. ಆದರೆ ಮೂರನ್ನೂ ಒಂದೇ ದೂರಿನಲ್ಲಿ ತುಂಬಿದರೆ ಮೂರೂ ಬಿದ್ದುಹೋಗುತ್ತವೆ. ಹಣದ ದಾರಿ, ತೋಟದ ದಾರಿ, ಔಷಧದ ದಾರಿ ಬೇರೆ ಬೇರೆ.

ಕೋರ್ಟು ಯಾವುದನ್ನು ಮುಟ್ಟುವುದಿಲ್ಲ ಎಂಬುದು ಮೊದಲು ತಿಳಿದಿರಲಿ. 'ದಾನ ಮಾಡಿದರೆ ಪುಣ್ಯ ಬರುತ್ತದೆ' ಎಂಬುದು ಸುಳ್ಳೋ ನಿಜವೋ ಎಂದು ಯಾವ ನ್ಯಾಯಾಧೀಶರೂ ತೀರ್ಪು ಕೊಡುವುದಿಲ್ಲ. ಸಂವಿಧಾನದ 25 ಮತ್ತು 26ನೇ ವಿಧಿ ನಂಬಿಕೆಗೂ ಧರ್ಮದ ಆಚರಣೆಗೂ ರಕ್ಷಣೆ ಕೊಟ್ಟಿವೆ. ಅದೇ 26ನೇ ವಿಧಿ ಆಸ್ತಿಯ ಆಡಳಿತ ಮಾತ್ರ ಕಾನೂನಿಗೆ ಅನುಸಾರವಾಗಿಯೇ ನಡೆಯಬೇಕು ಎನ್ನುತ್ತದೆ. ಸುಪ್ರೀಂ ಕೋರ್ಟು 1954ರಲ್ಲಿ ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ ಈ ಗೆರೆ ಎಳೆಯಿತು. ಅದೇ ವರ್ಷ ಮುಂಬಯಿ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ ಬಗ್ಗೆ ಬಂದ ರತಿಲಾಲ್ ಗಾಂಧಿ ಪ್ರಕರಣದಲ್ಲಿ ಇನ್ನೊಂದು ಮಾತು ಹೇಳಿತು: ಧರ್ಮದತ್ತಿಯ ಹಣವನ್ನು ಸ್ಥಾಪಕರು ಹೇಳಿದ ಉದ್ದೇಶ ಬಿಟ್ಟು ಬೇರೆಡೆಗೆ ತಿರುಗಿಸುವುದು ಸರಿಯಲ್ಲ. ಆಗ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ರಾಜ್ಯದಲ್ಲೇ ಇತ್ತು, 1956ರ ನವೆಂಬರಿನಲ್ಲಷ್ಟೇ ಮೈಸೂರಿಗೆ ಸೇರಿದ್ದು.

ಹಾಗಾಗಿ ಟ್ರಸ್ಟಿನವರು ಹೇಳಿದ ಒಂದೊಂದು ಮಾತನ್ನೂ ಒಂದೇ ಒರೆಗೆ ಹಚ್ಚಿ: ಅದನ್ನು ಕಾಗದ, ಲೆಕ್ಕ, ಜಾಗ ನೋಡಿ ಪರೀಕ್ಷಿಸಬಹುದೇ? 'ಕುಲ ಉದ್ಧಾರವಾಗುತ್ತದೆ' ಎಂಬುದನ್ನು ಪರೀಕ್ಷಿಸಲಾಗದು. 'ಇಂಥ ಸರ್ವೆ ನಂಬರಿನಲ್ಲಿ ಗೋಶಾಲೆಗೆ ಜಾಗ ಖರೀದಿಯಾಗಿದೆ, ಕಟ್ಟಡಕ್ಕೆ ಪಂಚಾಯ್ತಿ ಪರವಾನಗಿ ಸಿಕ್ಕಿದೆ' ಎಂಬುದನ್ನು ಒಂದು ಪಹಣಿ ತೆಗೆದರೆ ಪರೀಕ್ಷಿಸಬಹುದು. ವಂಚನೆ ಕೇಸು ನಿಲ್ಲುವುದು ಈ ಎರಡನೇ ಬಗೆಯ ಮಾತಿನ ಮೇಲೆ.

ಹೊರದೇಶಗಳಲ್ಲೂ ಗೆರೆ ಹೆಚ್ಚುಕಡಿಮೆ ಇಲ್ಲೇ ಇದೆ. ಅಮೆರಿಕದ ಸುಪ್ರೀಂ ಕೋರ್ಟು 1944ರ ಬ್ಯಾಲರ್ಡ್ ಪ್ರಕರಣದಲ್ಲಿ ನಂಬಿಕೆಯ ಸತ್ಯಾಸತ್ಯವನ್ನು ಜ್ಯೂರಿ ಅಳೆಯುವಂತಿಲ್ಲ ಎಂದಿತು. 1988ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಮೋಲ್ಕೋ ಪ್ರಕರಣದಲ್ಲಿ, ತಾವು ಯೂನಿಫಿಕೇಶನ್ ಚರ್ಚ್ ಎಂಬ ಪಂಥದವರು ಎಂಬುದನ್ನೇ ಮುಚ್ಚಿಟ್ಟು ಜನರನ್ನು ಸೇರಿಸಿಕೊಂಡಿದ್ದರೆ ಮಾಜಿ ಸದಸ್ಯರು ವಂಚನೆಯ ದಾವೆ ಹೂಡಬಹುದು ಎಂದಿತು. ಫ್ರಾನ್ಸಿನಲ್ಲಿ ಸೈಂಟಾಲಜಿ ಎಂಬ ಪಂಥದ ಸಂಘಟನೆಗೆ 2009ರಲ್ಲಿ ವಂಚನೆಗಾಗಿ ದಂಡ ಬಿತ್ತು, 2013ರಲ್ಲಿ ಅಲ್ಲಿನ ಅತ್ಯುನ್ನತ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಜಪಾನು 2022ರ ಡಿಸೆಂಬರಿನಲ್ಲಿ ಹೆದರಿಸಿ ದೇಣಿಗೆ ಕೀಳುವುದರ ವಿರುದ್ಧವೇ ಕಾನೂನು ಮಾಡಿತು.

ಈಗ ಹಣಕ್ಕೆ ಬರೋಣ. ಕೊಟ್ಟ ದೇಣಿಗೆ ಕೊಟ್ಟಾಯಿತು. ಮನಸ್ಸು ಬದಲಾಯಿತೆಂದು ವಾಪಸ್ ಕೇಳಲು ಬರುವುದಿಲ್ಲ. ಎಲ್ಲ ನಿಂತಿರುವುದು ರಸೀದಿಯ ಒಕ್ಕಣೆಯ ಮೇಲೆ. 'ಗೋಶಾಲೆ ಕಟ್ಟಡ ನಿಧಿಗೆ' ಎಂದು ಬರೆದಿದ್ದರೆ ಅದು ಒಂದು ಉದ್ದೇಶಕ್ಕೆ ಒಪ್ಪಿಸಿದ ಹಣ. ಟ್ರಸ್ಟಿಗಳು ಅದನ್ನು ಕಾರು ಕೊಳ್ಳಲು ಬಳಸಿದರೆ ನಂಬಿಕೆ ದ್ರೋಹ: ಭಾರತೀಯ ನ್ಯಾಯ ಸಂಹಿತೆ 316ನೇ ಕಲಂ, 5 ವರ್ಷದವರೆಗೆ ಶಿಕ್ಷೆ. 'ಸಾಮಾನ್ಯ ದೇಣಿಗೆ' ಎಂದಷ್ಟೇ ಇದ್ದರೆ ಕಷ್ಟ. ರಸೀದಿಯ ಹಿಂಬದಿಯ ಸಣ್ಣಕ್ಷರವನ್ನೂ ಓದಿ, 'ಸಂಸ್ಥೆಯ ಯಾವುದೇ ಉದ್ದೇಶಕ್ಕೆ ಬಳಸಬಹುದು' ಎಂಬ ಸಾಲು ಹೆಚ್ಚಾಗಿ ಅಲ್ಲೇ ಕೂತಿರುತ್ತದೆ. ರಸೀದಿ ದುರ್ಬಲವಾಗಿದ್ದರೆ ಕರಪತ್ರ, ಆಮಂತ್ರಣ, ವಾಟ್ಸಾಪ್ ಧ್ವನಿ ಸಂದೇಶಗಳಿಂದ ಉದ್ದೇಶವನ್ನು ತೋರಿಸಬೇಕು. ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ (ದಾಖಲೆ ಯಾವ ಫೋನಿನದು, ಹೇಗೆ ತೆಗೆದದ್ದು ಎಂದು ಬರೆದುಕೊಡುವುದು) ಇಲ್ಲದ ಸ್ಕ್ರೀನ್‌ಶಾಟಿಗೆ ಕೋರ್ಟಿನಲ್ಲಿ ಬೆಲೆ ಕಡಿಮೆ. ಹಣ ಅಡಿಕೆ ಮಾರಿದ ಸೊಸೈಟಿ ಖಾತೆಯಿಂದ ಹೋಗಿದ್ದರೆ ಆ ಖಾತೆಯ ಉತಾರ ತೆಗೆಸಿ. ತಾರೀಕು, ಮೊತ್ತ ಎರಡಕ್ಕೂ ಅದರಷ್ಟು ಗಟ್ಟಿ ಪುರಾವೆ ಬೇರೆ ಸಿಗುವುದಿಲ್ಲ.

ವಂಚನೆ ಬೇರೆ ಅಪರಾಧ. ಅದು ಅದೇ ನ್ಯಾಯ ಸಂಹಿತೆಯ 318ನೇ ಕಲಂ. ವಂಚಿಸಿ ಆಸ್ತಿ ಪಡೆದಿದ್ದರೆ ಉಪಕಲಂ 4ರಡಿ 7 ವರ್ಷದವರೆಗೆ. ಹೆಚ್ಚಿನ ದೂರುಗಳು ಎಡವುವುದು ಇಲ್ಲಿ: ಕೇಳುವಾಗಲೇ ಮೋಸದ ಉದ್ದೇಶ ಇತ್ತು ಎಂದು ತೋರಿಸಬೇಕು. ಕಟ್ಟುವ ಮನಸ್ಸಿತ್ತು, ಹಣ ಸಾಲಲಿಲ್ಲ ಎಂದು ಅವರು ಲೆಕ್ಕ ಸಮೇತ ತೋರಿಸಿದರೆ ವಂಚನೆ ಉಳಿಯುವುದಿಲ್ಲ. ಇನ್ನೊಂದು ತಪ್ಪನ್ನು ವಕೀಲರೂ ಮಾಡುತ್ತಾರೆ, ಒಂದೇ ಘಟನೆಗೆ ವಂಚನೆ ಮತ್ತು ನಂಬಿಕೆ ದ್ರೋಹ ಎರಡನ್ನೂ ಹಾಕುವುದು. ಎರಡೂ ಒಟ್ಟಿಗೆ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟು 2024ರ ಡೆಲ್ಲಿ ರೇಸ್ ಕ್ಲಬ್ ತೀರ್ಪಿನಲ್ಲಿ ಬಿಡಿಸಿ ಹೇಳಿದೆ: ಮೊದಲನೆಯದರಲ್ಲಿ ಶುರುವಿನಲ್ಲೇ ಸುಳ್ಳು, ಎರಡನೆಯದರಲ್ಲಿ ಸರಿಯಾಗಿ ಒಪ್ಪಿಸಿದ್ದನ್ನು ಆಮೇಲೆ ನುಂಗಿದ್ದು. ನಿಮ್ಮದು ಯಾವುದು ಎಂದು ಮೊದಲೇ ತೀರ್ಮಾನಿಸಿ. ಹಣ ಕೊಟ್ಟದ್ದು ಈ ಹೊಸ ಸಂಹಿತೆ ಜಾರಿಗೆ ಬಂದ 2024ರ ಜುಲೈ 1ಕ್ಕಿಂತ ಮುಂಚೆ ಆಗಿದ್ದರೆ ಹಳೆಯ ದಂಡಸಂಹಿತೆಯ 406 ಅಥವಾ 420 ಹಾಕಬೇಕು, ಹೊಸದನ್ನಲ್ಲ.

ಠಾಣೆಯಲ್ಲಿ 'ಇದು ಸಿವಿಲ್ ವ್ಯಾಜ್ಯ' ಎಂದು ಹಿಂಬರಹ ಕೊಟ್ಟು ಕಳಿಸುವುದು ಮಾಮೂಲಿ. ಆ ಹಿಂಬರಹವನ್ನು ಬಿಸಾಡಬೇಡಿ. ಅದರ ಪ್ರತಿಯೊಂದಿಗೆ ಕಾರವಾರದ ಎಸ್‌ಪಿ ಕಚೇರಿಗೆ ಅಂಚೆಯಲ್ಲಿ ದೂರು ಕಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಅಫಿಡವಿಟ್ ಜತೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ. ಈ ಎರಡು ಮೆಟ್ಟಿಲು ಹತ್ತದೆ ನೇರ ಧಾರವಾಡ ಹೈಕೋರ್ಟ್ ಪೀಠಕ್ಕೆ ಓಡಿದರೆ 'ಮೊದಲು ಅಲ್ಲಿ ಹೋಗಿ ಬನ್ನಿ' ಎಂದು ವಾಪಸ್ ಕಳಿಸುವ ಸಂಭವವೇ ಹೆಚ್ಚು.

ನಿಮ್ಮ ಪ್ರಕರಣದ ತಿರುಳು ಇರುವುದು ತೋಟದಲ್ಲಿ, ಮತ್ತು ನಿಮ್ಮ ಕೈ ಗಟ್ಟಿ ಇರುವುದೂ ಅಲ್ಲೇ.

ಗುರು-ಶಿಷ್ಯ ಸಂಬಂಧವನ್ನು ಕರಾರು ಕಾಯ್ದೆಯ 16ನೇ ಕಲಂ ಸಾಮಾನ್ಯ ಕೊಡು-ಕೊಳ್ಳುವಿಕೆಯಂತೆ ನೋಡುವುದಿಲ್ಲ. ಒಬ್ಬರು ಇನ್ನೊಬ್ಬರ ಮನಸ್ಸನ್ನು ಆಳುವ ಸ್ಥಾನದಲ್ಲಿದ್ದು ಅದನ್ನು ಬಳಸಿ ಅನ್ಯಾಯದ ಲಾಭ ಪಡೆದರೆ ಅದು ಅನುಚಿತ ಪ್ರಭಾವ. ಇದಕ್ಕೆ ಇಂದಿಗೂ ಎಲ್ಲರೂ ಎತ್ತಿ ತೋರಿಸುವುದು 1890ರ ಅಲಹಾಬಾದ್ ಹೈಕೋರ್ಟಿನ ಮನ್ನು ಸಿಂಗ್ ಪ್ರಕರಣ: ಪರಲೋಕದಲ್ಲಿ ಒಳ್ಳೆಯದಾಗಲೆಂದು ಮುದುಕರೊಬ್ಬರು ಇದ್ದ ಆಸ್ತಿಯನ್ನೆಲ್ಲ ಗುರುವಿಗೆ ಬರೆದುಕೊಟ್ಟಿದ್ದರು, ಕೋರ್ಟು ಆ ಪತ್ರವನ್ನು ರದ್ದು ಮಾಡಿತು. ಅಂಥ ಸಂಬಂಧ ಇತ್ತೆಂದೂ ವ್ಯವಹಾರ ಮೇಲ್ನೋಟಕ್ಕೇ ಅನ್ಯಾಯದ್ದೆಂದೂ ತೋರಿಸಿದರೆ, ಪ್ರಭಾವ ಬೀರಿಲ್ಲ ಎಂದು ಸಾಬೀತು ಮಾಡುವ ಹೊರೆ ಅವರ ಮೇಲೆ ಬೀಳುತ್ತದೆ. ದಾನಪತ್ರ ಯಾರು ಬರೆಸಿದರು, ಸ್ಟಾಂಪು ಶುಲ್ಕ ಯಾರ ಖಾತೆಯಿಂದ ಹೋಯಿತು, ಸಾಕ್ಷಿಗಳು ಯಾರ ಕಡೆಯವರು, ದೊಡ್ಡಪ್ಪನಿಗೆ ಬೇರೆ ವಕೀಲರ ಸಲಹೆ ಸಿಕ್ಕಿತ್ತೇ, ಮನೆಯವರಿಗೆ ತಿಳಿಸಿದ್ದರೇ, ಉಳಿದ ಜೀವನಕ್ಕೆ ಅವರ ಕೈಯಲ್ಲಿ ಏನುಳಿಯಿತು ಎಂಬುದೇ ಅಲ್ಲಿ ತೂಗುವುದು. ಸಾಕ್ಷಿ ಹಾಕಿದ ಇಬ್ಬರೂ ಟ್ರಸ್ಟಿನ ಪದಾಧಿಕಾರಿಗಳೇ ಆಗಿದ್ದರೆ ಅದು ನಿಮಗೆ ಅನುಕೂಲ.

ದಾವೆ ಬರೆಯುವಾಗ 'ಮೋಸ, ಒತ್ತಡ, ಪ್ರಭಾವ ಎಲ್ಲ ನಡೆದಿದೆ' ಎಂದು ಒಂದೇ ಸಾಲಿನಲ್ಲಿ ಮುಗಿಸಬಾರದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 6ನೇ ಆದೇಶ 4ನೇ ನಿಯಮದಂತೆ ಯಾರು, ಯಾವ ದಿನ, ಎಲ್ಲಿ, ಏನು ಹೇಳಿದರು ಎಂಬ ವಿವರ ಬೇಕು, ವಂಚನೆ ಬೇರೆ, ಅನುಚಿತ ಪ್ರಭಾವ ಬೇರೆ ಪ್ಯಾರಾದಲ್ಲಿ. ಇಲ್ಲದಿದ್ದರೆ ಸಾಕ್ಷಿ ಎಷ್ಟಿದ್ದರೂ ಪ್ರಯೋಜನ ಇಲ್ಲ.

ಅವಧಿಯ ವಿಷಯ ಇನ್ನೂ ಮುಖ್ಯ. ಪತ್ರ ರದ್ದತಿಗೆ ಕಾಲಮಿತಿ ಕಾಯ್ದೆಯ 59ನೇ ಅನುಚ್ಛೇದದಂತೆ 3 ವರ್ಷ, ರದ್ದಿಗೆ ಕಾರಣವಾದ ಸಂಗತಿ ಗೊತ್ತಾದ ದಿನದಿಂದ. ಗೊತ್ತಾದ ಮೇಲೂ ಸುಮ್ಮನಿದ್ದರೆ, ಅದಕ್ಕಿಂತ ಹೆಚ್ಚಾಗಿ ಸಂಸ್ಥೆಯ ಕಾರ್ಯಕ್ರಮದಲ್ಲಿ ಶಾಲು ಹೊದೆಸಿಕೊಂಡು ಫೋಟೋ ತೆಗೆಸಿಕೊಂಡರೆ, ದೊಡ್ಡಪ್ಪ ದಾನವನ್ನು ಮತ್ತೆ ಒಪ್ಪಿಕೊಂಡಂತೆ ಎದುರು ವಕೀಲರು ವಾದಿಸುತ್ತಾರೆ. ದಾವೆ ದೊಡ್ಡಪ್ಪನೇ ಹೂಡಬೇಕು. ತಮ್ಮನ ಮಗನಾದ ನಿಮಗೆ ಬರೀ ಬೇಜಾರಿದೆ ಎಂಬ ಕಾರಣಕ್ಕೆ ಹಕ್ಕು ಬರುವುದಿಲ್ಲ.

ತೋಟ ಪಿತ್ರಾರ್ಜಿತ, ಇನ್ನೂ ಪಾಲಾಗಿಲ್ಲ ಎಂದಾದರೆ ಕಥೆಯೇ ಬೇರೆ. ಅವಿಭಕ್ತ ಕುಟುಂಬದ ಸ್ಥಿರಾಸ್ತಿಯನ್ನು ಯಜಮಾನ ಧರ್ಮಕಾರ್ಯಕ್ಕೆ ಕೊಡಬಹುದಾದರೂ ಅದು ಒಟ್ಟು ಆಸ್ತಿಗೆ ಹೋಲಿಸಿ ಮಿತವಾದ ಭಾಗವಾಗಿರಬೇಕು. ಎರಡು ಎಕರೆಯಲ್ಲಿ ಒಂದು ಎಕರೆ ಮಿತವಲ್ಲ. 2022ರ ಕೆ.ಸಿ. ಲಕ್ಷ್ಮಣ ಪ್ರಕರಣ ನಮ್ಮ ರಾಜ್ಯದ್ದೇ. ಅದರಲ್ಲಿ ಸುಪ್ರೀಂ ಕೋರ್ಟು, ತಂದೆ ಮಾಡಿದ ಇಂಥ ಪರಭಾರೆಯನ್ನು ಪ್ರಶ್ನಿಸಲು ಕಾಲಮಿತಿ ಕಾಯ್ದೆಯ 109ನೇ ಅನುಚ್ಛೇದದ 12 ವರ್ಷ ಅನ್ವಯಿಸುತ್ತದೆ ಎಂದಿದೆ. ಲೆಕ್ಕ ಶುರುವಾಗುವುದು ದಾನ ಪಡೆದವರು ಸ್ವಾಧೀನಕ್ಕೆ ಬಂದ ದಿನದಿಂದ. ಹಾಗಾದಲ್ಲಿ ದೊಡ್ಡಪ್ಪನ ಮಕ್ಕಳು, ಹೆಣ್ಣುಮಕ್ಕಳೂ ಸೇರಿ, ತಾವೇ ದಾವೆ ಹೂಡಬಹುದು. ಅಜ್ಜನ ಕಾಲದಿಂದ ಇಡೀ ಮನೆತನ ಪಾಲೇ ಆಗಿಲ್ಲದಿದ್ದರೆ ನಿಮಗೂ ಅದರಲ್ಲಿ ಪಾಲಿರುತ್ತದೆ, ಆಗ ನೀವೂ ವಾದಿ ಆಗಬಹುದು. ಹಳೆಯ ಪಾಲುಪಟ್ಟಿ, ಮ್ಯುಟೇಷನ್ (ಹಕ್ಕು ಬದಲಾವಣೆ) ನಕಲು ಮೊದಲು ಹುಡುಕಿ ಎನ್ನುವುದು ಇದಕ್ಕೇ.

ನಮ್ಮ ಕಡೆಯದೇ ಒಂದು ಸಂಗತಿ: ದಾನಪತ್ರದಲ್ಲಿ ತೋಟದ ಜತೆ ಸೊಪ್ಪಿನ ಬೆಟ್ಟವನ್ನೂ (ತೋಟಕ್ಕೆ ಸೊಪ್ಪು ತರುವ ಕಾಡಿನ ಜಾಗ) ಬರೆಸಿದ್ದಾರೆಯೇ ನೋಡಿ. ಬೆಟ್ಟ ತೋಟಿಗರಿಗಿರುವ ಸವಲತ್ತು, ಖಾಸಗಿ ಒಡೆತನವಲ್ಲ. ಅದನ್ನು ಸ್ವಂತ ಆಸ್ತಿ ಎಂದು ಬರೆಸಿಕೊಂಡಿದ್ದರೆ ಪತ್ರ ತಯಾರಿಸಿದವರ ಅವಸರ ಅದರಲ್ಲೇ ಕಾಣುತ್ತದೆ.

ಉಪನೋಂದಣಿ ಕಚೇರಿಗೆ ಹೋಗಿ ತಾವೊಬ್ಬರೇ 'ದಾನ ರದ್ದು ಪತ್ರ' ಬರೆಸುವ ಸಲಹೆ ಯಾರಾದರೂ ಕೊಟ್ಟರೆ ಕಿವಿಗೊಡಬೇಡಿ. ಪೂರ್ಣವಾದ ದಾನ ಹಾಗೆ ರದ್ದಾಗುವುದಿಲ್ಲ, ಆಸ್ತಿ ವರ್ಗಾವಣೆ ಕಾಯ್ದೆಯ 126ನೇ ಕಲಂ ಅಷ್ಟು ಸಡಿಲವಿಲ್ಲ. ಶಿರಸಿಯ ಸಿವಿಲ್ ಕೋರ್ಟಿನಲ್ಲಿ ದಾವೆಯ ಜತೆಗೇ ತಾತ್ಕಾಲಿಕ ತಡೆಯಾಜ್ಞೆಗೆ ಅರ್ಜಿ ಹಾಕಿ. ಇಲ್ಲವಾದರೆ ತೋಟ ಮೂರನೆಯವರಿಗೆ ಕೈ ಬದಲಾಗುತ್ತದೆ. ಪಹಣಿ ಇನ್ನೂ ಬದಲಾಗದಿದ್ದರೆ ಮ್ಯುಟೇಷನ್ ನೋಟಿಸಿನ ಅವಧಿಯೊಳಗೆ ತಹಶೀಲ್ದಾರರಿಗೆ ತಕರಾರು ಕೊಡಿ.

'ಸಾಯುವವರೆಗೆ ನಾವೇ ನೋಡಿಕೊಳ್ಳುತ್ತೇವೆ' ಎಂಬ ಷರತ್ತು ಪತ್ರದಲ್ಲೋ ಜತೆಗಿನ ಕಾಗದದಲ್ಲೋ ಇದ್ದು, ನೋಡಿಕೊಳ್ಳುತ್ತಿಲ್ಲ ಎಂದಾದರೆ ಇನ್ನೂ ಸುಲಭದ ದಾರಿ ಇದೆ. ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಮಿನಡಿ ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಬಹುದು, ಶಿರಸಿಯಲ್ಲೇ ಆ ಕಚೇರಿ ಇದೆ. ಆಸ್ತಿ ಪಡೆದವರು ಮಕ್ಕಳೇ ಆಗಿರಬೇಕೆಂದು ಆ ಕಲಂ ಹೇಳುವುದಿಲ್ಲ.

'ಕೊಡದಿದ್ದರೆ ದೇವರು ಮುನಿಯುತ್ತಾನೆ' ಎಂದು ಹೆದರಿಸಿದ್ದಕ್ಕೆ ನ್ಯಾಯ ಸಂಹಿತೆಯ 354ನೇ ಕಲಂ ಇದೆ (ಹಳೆಯ ದಂಡಸಂಹಿತೆಯಲ್ಲಿ 508), ಒಂದು ವರ್ಷದವರೆಗೆ ಶಿಕ್ಷೆ. ಆದರೆ ಬರೀ 'ದೇವರಿಗೆ ಸಿಟ್ಟು ಬರುತ್ತದೆ' ಎಂದದ್ದು ಸಾಲದು; ಹೇಳಿದವನು ತನ್ನ ಕೃತ್ಯದಿಂದಲೇ, ಅಂದರೆ ಶಾಪ ಹಾಕಿಯೋ ಹಾಗೇನೋ ಮಾಡಿಯೋ, ದೈವಕೋಪಕ್ಕೆ ಗುರಿಮಾಡುತ್ತೇನೆ ಎಂದು ನಂಬಿಸಿರಬೇಕು. ಪೊಲೀಸರು ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಇದರ ತನಿಖೆ ಮಾಡುವಂತಿಲ್ಲ. ನನ್ನ ಮಟ್ಟಿಗೆ ಇದನ್ನೇ ನೆಚ್ಚಿ ಕೇಸು ಕಟ್ಟುವುದು ವ್ಯರ್ಥ. ಅನುಚಿತ ಪ್ರಭಾವದ ದಾವೆಗೆ ಪೂರಕ ಸಂಗತಿಯಾಗಿ ಬಳಸಿಕೊಳ್ಳಿ.

ಯಾರ ಮೇಲೆ ಹಾಕುವುದು? ಟ್ರಸ್ಟಿಗೆ ನಮ್ಮಲ್ಲಿ ಕಂಪನಿಯ ಹಾಗೆ ಸ್ವಂತ ವ್ಯಕ್ತಿತ್ವ ಇಲ್ಲ, ಟ್ರಸ್ಟಿಗಳೆಲ್ಲರನ್ನೂ ಹೆಸರಿಸಿ ಪ್ರತಿವಾದಿ ಮಾಡಬೇಕು. ಟ್ರಸ್ಟ್ ಪತ್ರದ ನಕಲು ಉಪನೋಂದಣಿ ಕಚೇರಿಯಲ್ಲಿ ಸಿಗುತ್ತದೆ. ಸಂಘ ಎಂದು ನೋಂದಣಿಯಾಗಿದ್ದರೆ 1960ರ ಸಂಘಗಳ ನೋಂದಣಿ ಕಾಯ್ದೆಯ 25ನೇ ಕಲಮಿನಡಿ ಮೂರನೇ ಒಂದು ಭಾಗ ಸದಸ್ಯರು ಸಹಿ ಹಾಕಿ ರಿಜಿಸ್ಟ್ರಾರರಿಂದ ವಿಚಾರಣೆ ಕೇಳಬಹುದು. ಮುಜರಾಯಿ ದೇವಸ್ಥಾನವಾದರೆ ಜಿಲ್ಲಾಧಿಕಾರಿಗೆ ದೂರು. ಮಠಗಳು ಮುಜರಾಯಿ ಕಾಯ್ದೆಯ ಹೊರಗಿವೆ. ಸಾರ್ವಜನಿಕ ಟ್ರಸ್ಟಿನ ಲೆಕ್ಕ ಕೇಳಲು, ಟ್ರಸ್ಟಿಗಳನ್ನು ತೆಗೆಸಲು ಆಸಕ್ತಿಯುಳ್ಳ ಇಬ್ಬರು ಸೇರಿ ಜಿಲ್ಲಾ ನ್ಯಾಯಾಲಯದ ಅನುಮತಿ ಪಡೆದು ಸಿವಿಲ್ ಸಂಹಿತೆಯ 92ನೇ ಕಲಮಿನಡಿ ದಾವೆ ಹೂಡಬಹುದು, ಆದರೆ ನಿಮ್ಮ ತೋಟ ಅದರಲ್ಲಿ ವಾಪಸ್ ಬರುವುದಿಲ್ಲ. ಗ್ರಾಹಕ ಆಯೋಗದ ದಾರಿ ನಿಮಗೆ ಹೊಂದುವುದಿಲ್ಲ. ದೇಣಿಗೆ ಸೇವೆಯ ಬೆಲೆ ಅಲ್ಲ.

ಔಷಧದ ವಿಷಯಕ್ಕೆ ಕೋರ್ಟಿಗಿಂತ ಮೊದಲು ವೈದ್ಯರು. ಸಕ್ಕರೆ ಮಾತ್ರೆ ಏಕಾಏಕಿ ನಿಲ್ಲಿಸಿದರೆ ಏನಾಗುತ್ತದೆ ಎಂದು ಅವರಿಂದಲೇ ಹೇಳಿಸಿ, ಈಗಿನ ರಕ್ತಪರೀಕ್ಷೆಯ ವರದಿ ಮಾಡಿಸಿಡಿ, ಅದು ಪುರಾವೆಯೂ ಹೌದು. ಮಂತ್ರ, ತಾಯತ, ತೀರ್ಥದಿಂದ ಸಕ್ಕರೆ ಕಾಯಿಲೆ ಗುಣ ಎಂದು ಕರಪತ್ರ ಅಚ್ಚುಹಾಕಿಸಿದ್ದರೆ 1954ರ ಮಾಂತ್ರಿಕ ಪರಿಹಾರ ಜಾಹೀರಾತು ಕಾಯ್ದೆ ಅನ್ವಯಿಸುತ್ತದೆ, ಮೊದಲ ಸಲ 6 ತಿಂಗಳವರೆಗೆ ಶಿಕ್ಷೆ. ಪವಾಡ ತೋರಿಸಿ ಹಣ ಕಿತ್ತಿದ್ದರೆ ರಾಜ್ಯದ 2017ರ ಮೌಢ್ಯ ನಿಷೇಧ ಕಾಯ್ದೆ: ಕನಿಷ್ಠ 1 ವರ್ಷ, ಗರಿಷ್ಠ 7 ವರ್ಷ, 5,000ದಿಂದ 50,000 ರೂಪಾಯಿ ದಂಡ. ಪ್ರವಚನ, ಭಜನೆ, ಯಾತ್ರೆ, ಜ್ಯೋತಿಷ್ಯದ ಸಲಹೆ ಅದರಿಂದ ಹೊರಗಿವೆ, ಹಾಗಾಗಿ ದೂರಿನಲ್ಲಿ ಅವನ್ನು ಎಳೆದು ತರಬೇಡಿ.

ದೂರು ಕೊಟ್ಟ ಮೇಲೆ ಊರಿನ ವಾಟ್ಸಾಪ್ ಗುಂಪಿನಲ್ಲಿ 'ಕಳ್ಳ ಸ್ವಾಮಿ' ಎಂದು ಬರೆಯಬೇಡಿ. ಮಾನಹಾನಿಗೆ ನ್ಯಾಯ ಸಂಹಿತೆಯ 356ನೇ ಕಲಂ ಇದೆ, ಧಾರ್ಮಿಕ ಭಾವನೆ ಕೆರಳಿಸಿದ್ದಕ್ಕೆ 299. ಅವರಿಂದ ಎದುರು ದೂರು ಬಂದರೆ ರಾಜಿಗೆ ಕೂರುವವರು ನೀವೇ ಆಗುತ್ತೀರಿ.

ಖರ್ಚಿನ ಚಿಂತೆಯಿದ್ದರೆ ಶಿರಸಿ ಕೋರ್ಟಿನ ಆವರಣದಲ್ಲೇ ತಾಲೂಕು ಕಾನೂನು ಸೇವಾ ಸಮಿತಿ ಇದೆ, ಸಹಾಯವಾಣಿ 15100. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ, ಆದ್ದರಿಂದ ತೋಟ ಪಿತ್ರಾರ್ಜಿತವಾಗಿದ್ದರೆ ದೊಡ್ಡಪ್ಪನ ಮಗಳನ್ನೇ ವಾದಿ ಮಾಡುವುದು ಅಗ್ಗ. ಈ ವಾರ ಮಾಡಬೇಕಾದ್ದು ಇಷ್ಟು: ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನಿನಲ್ಲಿ ಇಸಿ (ಋಣಭಾರ ಪತ್ರ), ಉಪನೋಂದಣಿ ಕಚೇರಿಯಿಂದ ದಾನಪತ್ರದ ದೃಢೀಕೃತ ನಕಲು, ಈಗಿನ ಪಹಣಿ. ಈ ಮೂರೂ ಕೈಗೆ ಬಂದ ಮೇಲೆ ವಕೀಲರ ಬಳಿ ಹೋಗಿ.