ಮಗ ಹೇಳೋದು 55 ಗಂಟೆ, ಲೆಕ್ಕದಲ್ಲಿ 40 ಕೂಡ ಇಲ್ಲ!

ಪ್ರಶ್ನೆ: ನನ್ನ ಮಗ ಅಮೆರಿಕದ ಟೆಕ್ಸಾಸ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ವಾರಕ್ಕೆ 55 ಗಂಟೆ ದುಡಿಯುತ್ತೇನೆ, ಫೋನ್ ಮಾಡೋಕೂ ಪುರುಸೊತ್ತಿಲ್ಲ ಅನ್ನುತ್ತಾನೆ. ಪಕ್ಕದ ಮನೆಯವರು ಮೊನ್ನೆ ಅಲ್ಲಿನ ಸರ್ಕಾರದ ಅಂಕಿಅಂಶ ತೋರಿಸಿದರು. ಆ ರಾಜ್ಯದ ವೃತ್ತಿಪರ ಸೇವೆಗಳ ವಲಯದಲ್ಲಿ ಸರಾಸರಿ ಕೆಲಸ ವಾರಕ್ಕೆ 40 ಗಂಟೆಯೂ ಇಲ್ಲ. ಮಗ ನನ್ನ ಕಿವಿಗೆ ಹೂ ಇಡುತ್ತಿದ್ದಾನಾ?
– ನಿವೃತ್ತ ಮೇಷ್ಟ್ರು, ಮೈಸೂರು

ಉತ್ತರ: ಇಲ್ಲ ಮೇಷ್ಟ್ರೇ. ಮಗನೂ ಸುಳ್ಳು ಹೇಳುತ್ತಿಲ್ಲ, ಸರ್ಕಾರವೂ ಹೇಳುತ್ತಿಲ್ಲ. ಹೆಸರು ನೋಡಿ ನೀವು ಮೋಸ ಹೋಗಿದ್ದೀರಿ ಅಷ್ಟೇ.

ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ 'ವೃತ್ತಿಪರ ಮತ್ತು ವ್ಯವಹಾರ ಸೇವೆಗಳು' ಅಂತ ಒಂದು ದೊಡ್ಡ ಚೀಲ ಇಟ್ಟುಕೊಂಡಿದೆ. ಅದರಲ್ಲಿ ವಕೀಲರು, ಲೆಕ್ಕಪರಿಶೋಧಕರು, ಎಂಜಿನಿಯರ್‌ಗಳು, ನಿಮ್ಮ ಮಗನಂಥ ಸಾಫ್ಟ್‌ವೇರ್‌ನವರು ಇದ್ದಾರೆ ಸರಿ, ಆದರೆ ಅದೇ ಚೀಲದಲ್ಲಿ ಸೆಕ್ಯುರಿಟಿ ಗಾರ್ಡ್‌ಗಳು, ಆಫೀಸು ಗುಡಿಸುವವರು, ಹುಲ್ಲು ಕತ್ತರಿಸುವವರು, ಕಸ ಸಾಗಿಸುವ ಕಂಪನಿಯವರು, ಏಜೆನ್ಸಿ ಮೂಲಕ ಮೂರು ದಿನಕ್ಕೆ ಬಂದು ಹೋಗುವವರೂ ಇದ್ದಾರೆ. ಇವರಲ್ಲಿ ಅರೆಕಾಲಿಕರು ಜಾಸ್ತಿ. ಮೂವರು 40 ಗಂಟೆ, ಒಬ್ಬರು 20 ಗಂಟೆ ಅಂದುಕೊಳ್ಳಿ. ಸರಾಸರಿ 35ಕ್ಕೆ ಇಳಿಯಿತು. ಆ ನಾಲ್ವರಲ್ಲಿ ಒಬ್ಬರೂ 35 ಗಂಟೆ ದುಡಿದಿಲ್ಲ! ಇನ್ನೊಂದು ತಮಾಷೆ ಕೇಳಿ. ಅಲ್ಲಿ ಎಣಿಸೋದು ಜನರನ್ನಲ್ಲ, ಕೆಲಸಗಳನ್ನ. ಒಬ್ಬ ಬಡಪಾಯಿ ಬೆಳಿಗ್ಗೆ ಒಂದು ಕಡೆ 20, ಸಂಜೆ ಇನ್ನೊಂದು ಕಡೆ 20 ಗಂಟೆ ದುಡಿದರೆ ಲೆಕ್ಕದಲ್ಲಿ ಅದು 20 ಗಂಟೆಯ ಎರಡು ಕೆಲಸ.

ಇದಕ್ಕಿಂತ ದೊಡ್ಡ ವಿಷಯ ಬೇರೆ ಇದೆ. ಈ ಲೆಕ್ಕ ಬರೋದು ಕಂಪನಿಗಳ ಸಂಬಳದ ಪುಸ್ತಕದಿಂದ. ತಿಂಗಳ 12ನೇ ತಾರೀಖು ಬರುವ ಸಂಬಳದ ಅವಧಿಯಲ್ಲಿ ಎಷ್ಟು ಗಂಟೆಗೆ ಸಂಬಳ ಕೊಟ್ಟಿರಿ ಅಂತ ಕಂಪನಿಯನ್ನ ಕೇಳುತ್ತಾರೆ. ಎಷ್ಟು ಗಂಟೆ ಕೆಲಸ ಮಾಡಿದಿರಿ ಅಂತ ನಿಮ್ಮ ಮಗನನ್ನ ಯಾರೂ ಕೇಳೋದಿಲ್ಲ. 1938ರ ಅಲ್ಲಿನ ಕಾನೂನಿನ ಪ್ರಕಾರ ವಾರಕ್ಕೆ 40 ಗಂಟೆ ದಾಟಿದರೆ ಒಂದೂವರೆ ಪಟ್ಟು ಕೂಲಿ ಕೊಡಬೇಕು. ಆದರೆ ತಿಂಗಳ ಸಂಬಳದ ವೃತ್ತಿಪರರು, ಮ್ಯಾನೇಜರ್‌ಗಳು, ಕಂಪ್ಯೂಟರ್ ಕೆಲಸದವರು ಬಹುತೇಕ ಆ ನಿಯಮದಿಂದ ಹೊರಗೆ. ಹಾಗಾಗಿ ಅವನು 55 ಗಂಟೆ ಕೂತರೂ ಪುಸ್ತಕದಲ್ಲಿ ಸಾಮಾನ್ಯವಾಗಿ 40 ಅಂತಲೇ ಇರುತ್ತದೆ. ಉಳಿದ 15 ಗಂಟೆ ಈ ಲೆಕ್ಕಕ್ಕೆ ಸಿಗೋದೇ ಇಲ್ಲ. ಸ್ವಂತ ಕಚೇರಿ ಇಟ್ಟುಕೊಂಡು ರಾತ್ರಿಯೆಲ್ಲಾ ಫೈಲು ನೋಡುವ ವಕೀಲರಂತೂ, ಸ್ವಂತ ಉದ್ಯೋಗ ಅನ್ನುವ ಕಾರಣಕ್ಕೆ, ಈ ಎಣಿಕೆಗೇ ಬರೋದಿಲ್ಲ.

ಮನೆಮನೆಗೆ ಕೇಳಿ ನಿಜವಾಗಿ ದುಡಿದ ಗಂಟೆ ಬರೆದುಕೊಳ್ಳುವ ಸಮೀಕ್ಷೆಯೂ ಅಲ್ಲಿದೆ. ಪಕ್ಕದ ಮನೆಯವರಿಗೆ ಅದನ್ನೂ ತೋರಿಸಿ ಅನ್ನಿ. ಆದರೂ ಭಾನುವಾರ ಹತ್ತು ನಿಮಿಷ ಫೋನ್ ಮಾಡಲಾಗದಷ್ಟು ಕೆಲಸ ಯಾರಿಗೂ ಇರೋದಿಲ್ಲ, ಅದನ್ನ ಮಗನಿಗೆ ಹೇಳಿ!

ಪ್ರಶ್ನೆ: ನಾನು ಬೆಂಗಳೂರಿನ ಐಟಿ ಕಂಪನಿಯೊಂದರಲ್ಲಿ ಟೆಸ್ಟರ್. ದಿನಾ 11 ಗಂಟೆ ಕೆಲಸ. ನಮಗೆ ಕಾನೂನು ಅಂತ ಏನಾದರೂ ಇದೆಯಾ, ಅಥವಾ 70 ಗಂಟೆಗೂ ಸುಮ್ನೆ ತಲೆ ಆಡಿಸಬೇಕಾ?
– ಓದುಗಿ, ಮಾರತ್ತಹಳ್ಳಿ

ಉತ್ತರ: ಇದೆ ತಾಯಿ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಐಟಿ ಕಂಪನಿಗೂ ಅನ್ವಯಿಸುತ್ತದೆ. ದಿನಕ್ಕೆ 9 ಗಂಟೆ, ವಾರಕ್ಕೆ 48. ಓಟಿ (ಹೆಚ್ಚುವರಿ ಕೆಲಸ) ಸೇರಿಸಿ ದಿನಕ್ಕೆ 10, ಮೂರು ತಿಂಗಳಿಗೆ ಓಟಿ 50 ಗಂಟೆ ಮೀರಬಾರದು, ಓಟಿಗೆ ಎರಡು ಪಟ್ಟು ಕೂಲಿ. ದಿನಾ 11 ಅಂದರೆ ಅಲ್ಲೇ ತಪ್ಪಿತು. ಆದರೆ ಆಡಳಿತದ ಹುದ್ದೆಯವರಿಗೆ ಈ ಮಿತಿ ಇಲ್ಲ. ಎರಡು ವರ್ಷ ಆದ ಕೂಡಲೇ ಎಲ್ಲರ ಹೆಸರಿನ ಮುಂದೆ 'ಲೀಡ್', 'ಮ್ಯಾನೇಜರ್' ಅಂಟಿಸೋದನ್ನ ನೋಡಿದರೆ ನನಗೆ ಸ್ವಲ್ಪ ಅನುಮಾನವೇ.

ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅನ್ನುವ ಮಾತು ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು 2023ರ ಅಕ್ಟೋಬರ್‌ನಲ್ಲಿ ಆಡಿದ್ದು. ಲೆಕ್ಕ ಹಾಕಿ ನೋಡಿ. ಮೂರು ತಿಂಗಳ 50 ಗಂಟೆ ಓಟಿಯನ್ನ 13 ವಾರಕ್ಕೆ ಹಂಚಿದರೆ ವಾರಕ್ಕೆ ಸುಮಾರು 4. ಸರಾಸರಿ 52 ಗಂಟೆಗೆ ಮುಗಿಯಿತು. 2025ರಲ್ಲಿ ನಮ್ಮ ಸರ್ಕಾರ ದಿನಕ್ಕೆ 10 ಗಂಟೆ, ಓಟಿ ಸೇರಿ 12, ಮೂರು ತಿಂಗಳಿಗೆ ಓಟಿ 144 ಗಂಟೆ ಅನ್ನುವ ಪ್ರಸ್ತಾವ ಮುಂದಿಟ್ಟಿತ್ತು, ಐಟಿ ನೌಕರರ ಸಂಘ ಜೋರಾಗಿ ವಿರೋಧಿಸಿತು. ವಾರಕ್ಕೆ 48ರ ಮೇಲೆ ಆ 144ನ್ನೂ ಹೀಗೇ ಹಂಚಿ ಸೇರಿಸಿದರೂ ಸರಾಸರಿ 59ರ ಆಸುಪಾಸು. 70 ಅದರಲ್ಲೂ ಹಿಡಿಯೋದಿಲ್ಲ. ನೀವು ಇವತ್ತಿನಿಂದಲೇ ಬಂದ ಹೊತ್ತು, ಹೋದ ಹೊತ್ತು ಒಂದು ಡೈರಿಯಲ್ಲಿ ಬರೆದಿಡಿ. ಕಾರ್ಮಿಕ ಇಲಾಖೆಗೆ ಹೋಗುವ ದಿನ ಬಂದರೆ ಕಂಪನಿಯ ಪುಸ್ತಕದಲ್ಲಿ ಇಲ್ಲದ ಗಂಟೆಗಳು ಅದರಲ್ಲಿ ಮಾತ್ರ ಸಿಗುತ್ತವೆ.