ಟೈಲ್ಸ್ ಗ್ಯಾಂಗ್ ಯಾವಾಗ ಬರಬೇಕು?

ಪ್ರಶ್ನೆ: ಮುದ್ದೇಬಿಹಾಳದ ಹತ್ತಿರ ಒಂದೇ ನಮೂನೆಯ 24 ಮನೆ ಕಟ್ಟಿಸುತ್ತಿದ್ದೇನೆ. ಸ್ಲ್ಯಾಬ್ ಮುಗಿದಿವೆ. ಒಂದು ಮನೆಯ ಗಿಲಾವಿಗೆ (ಪ್ಲಾಸ್ಟರಿಂಗ್) 4 ದಿನ, ಟೈಲ್ಸಿಗೆ 3 ದಿನ ಬೇಕು. ಹಿಂದಿನ ಸೈಟಿನಲ್ಲಿ ಟೈಲ್ಸ್‌ನವರು ಖಾಲಿ ಕೂತು ಬೇಸತ್ತು ನಡುವೆಯೇ ಬಿಟ್ಟುಹೋದರು. ಈ ಸಲ ಯಾವಾಗ ಕರೆಸಲಿ? ಯಾವ ಕೆಲಸ ಯಾವ ದಿನದಿಂದ ಯಾವ ದಿನದವರೆಗೆ ಅಂತ ಪಟ್ಟಿ ಎಳೆದು ತೋರಿಸುವ ಬಾರ್ ಚಾರ್ಟ್ ನೋಡಿದರೆ ಏನೂ ತಿಳಿಯುತ್ತಿಲ್ಲ ಸರ್.
– ಒಬ್ಬ ಗುತ್ತಿಗೆದಾರ, ವಿಜಯಪುರ ಜಿಲ್ಲೆ

ಉತ್ತರ: ಬಾಗಲಕೋಟೆಯ ನವನಗರದಲ್ಲಿ ಸೂಪರ್‌ವೈಸರ್ ಆಗಿದ್ದಾಗ ನಾನೂ ಇದೇ ತಪ್ಪು ಮಾಡಿದ್ದೆ. ಮೊದಲ ಮನೆಯ ಗಿಲಾವು ಮುಗಿದ ಮರುದಿನವೇ ಟೈಲ್ಸ್‌ನವರನ್ನು ಕರೆಸಿದೆ. ಸುಮ್ನೆ ಕೂತ ದಿನದ ಪಗಾರವನ್ನೂ ಕೊಡಬೇಕಾಯಿತು.

ಒಂದು ಗ್ರಾಫ್ ಹಾಳೆ ತಗೊಳ್ಳಿ. ಅಡ್ಡಕ್ಕೆ ದಿನ, ಉದ್ದಕ್ಕೆ ಮನೆ ನಂಬರು ಬರೆಯಿರಿ. ಒಂದೊಂದು ಗ್ಯಾಂಗಿಗೆ ಒಂದೊಂದು ಓರೆ ಗೆರೆ. ಕೆಲಸ ಚುರುಕಾದಷ್ಟೂ ಗೆರೆ ಕಡಿದಾಗಿ ಏರುತ್ತದೆ. ಇದಕ್ಕೆ ಲೈನ್ ಆಫ್ ಬ್ಯಾಲೆನ್ಸ್ ಅನ್ನುತ್ತಾರೆ. 1940ರ ದಶಕದಲ್ಲಿ ಅಮೆರಿಕದ ಗುಡ್‌ಇಯರ್ ಟೈರ್ ಕಂಪನಿಯಲ್ಲಿ ಹುಟ್ಟಿದ ಪದ್ಧತಿ ಇದು. ಮಾಡಿದ್ದನ್ನೇ ಮಾಡುವ ಕೆಲಸಕ್ಕೆ, ಅಂದರೆ ಸಾಲುಮನೆ, ರಸ್ತೆ, ಪೈಪ್‌ಲೈನ್‌ಗೆ, ಬಾರ್ ಚಾರ್ಟಿಗಿಂತ ಇದೇ ಮೇಲು. ಯಾರು ಯಾರಿಗೆ ಅಡ್ಡ ಬರುತ್ತಾರೆ ಅನ್ನೋದು ಕಣ್ಣಿಗೇ ಕಾಣುತ್ತದೆ.

ನಿಮ್ಮಲ್ಲಿ ಟೈಲ್ಸ್‌ನವರು ಗಿಲಾವಿನವರಿಗಿಂತ ಚುರುಕು. ಹಿಂದೆ ಬಂದವರು ಮುಂದಿನವರ ಬೆನ್ನಿಗೇ ಬಂದು ನಿಲ್ಲುತ್ತಾರೆ, ಅಲ್ವಾ? ಅದಕ್ಕೇ ಲೆಕ್ಕವನ್ನು ಕೊನೆಯ ಮನೆಯಿಂದ ಹಿಂದಕ್ಕೆ ಹಾಕಿ. ಗಿಲಾವು ಶುರುವಾದ ದಿನವನ್ನೇ 1 ಅಂತ ಎಣಿಸಿದರೆ, ಒಂದೇ ಗ್ಯಾಂಗಿನಿಂದ 24ನೇ ಮನೆಯ ಗಿಲಾವು 96ನೇ ದಿನ ಮುಗಿಯುತ್ತದೆ. ಅಲ್ಲಿ ಟೈಲ್ಸ್ 97ಕ್ಕೆ ಶುರು. ಅದಕ್ಕೂ ಮುಂಚಿನ 23 ಮನೆಗೆ 69 ದಿನ ಬೇಕು. ಅಂದರೆ ಅವರು ಬರಬೇಕಾದ್ದು 28ನೇ ದಿನ. 5ನೇ ದಿನವೇ ಬಂದರೂ ಕೆಲಸ ಮುಗಿಯೋದು ಅದೇ 99ನೇ ದಿನ. ನಡುವೆ 23 ದಿನ ಖಾಲಿ ಕೂರುತ್ತಾರೆ, ಅಷ್ಟೇ.

ಆದರೆ 28ಕ್ಕೇ ಕರೆಸಬೇಡಿ, ನಾಲ್ಕೈದು ದಿನ ಬಿಟ್ಟು ಕರೆಸಿ. ಬನಶಂಕರಿ ಜಾತ್ರೆಗೋ ಜೋಳದ ಸುಗ್ಗಿಗೋ ಗೌಂಡಿಗಳು ಊರಿಗೆ ಹೋದರೆ ಗಿಲಾವು ಹಿಂದೆ ಬೀಳುತ್ತದೆ. ಆಗ ಈ ಬಿಡುವೇ ನಿಮ್ಮನ್ನು ಕಾಪಾಡುತ್ತದೆ.

ಬೇಗ ಮುಗಿಸಬೇಕೇ? ಟೈಲ್ಸ್‌ನವರನ್ನು ಹೆಚ್ಚಿಸಿ ಉಪಯೋಗವಿಲ್ಲ. ಗಿಲಾವಿಗೆ ಎರಡು ಗ್ಯಾಂಗ್ ಹಾಕಿ, ಒಂದಕ್ಕೆ ಬೆಸ ನಂಬರಿನ ಮನೆ, ಇನ್ನೊಂದಕ್ಕೆ ಸಮ. 48 ದಿನಕ್ಕೆ ಗಿಲಾವು ಮುಗಿಯುತ್ತದೆ. ಆಗ ಟೈಲ್ಸ್‌ನವರು 5ನೇ ದಿನವೇ ಬಂದರೂ ಕಾಯೋ ಮಾತಿಲ್ಲ, 76ಕ್ಕೆ ಕೆಲಸ ಪೂರ್ತಿ. ಗಿಲಾವಿನ ಪೂರ್ತಿ ಪಗಾರವನ್ನು ಮಾತ್ರ ಅರ್ಧ ಅವಧಿಯಲ್ಲೇ ಕೊಡಬೇಕಾಗುತ್ತದೆ. ಆ ದುಡ್ಡು ಹೊಂದಿಸಿಕೊಂಡೇ ಎರಡನೇ ಗ್ಯಾಂಗಿಗೆ ಮಾತು ಕೊಡಿ.