1966ರ ಫೋರ್ಡ್ ಮಸ್ಟ್ಯಾಂಗ್: ಅಮೆರಿಕದಲ್ಲಿ ದುರಸ್ತಿ ಮಾಡಿಸಿ ಮಾರುವುದೇ, ಇದ್ದಂತೆಯೇ ಮಾರುವುದೇ?

ಬಣ್ಣ ಮಾಸಿ ಸೀಟು ಹರಿದಿದ್ದರೂ ಓಡುವ ಸ್ಥಿತಿಯಲ್ಲಿರುವ ಕಾರಾದರೆ, ಬಹುಮಟ್ಟಿಗೆ ಇದ್ದಂತೆಯೇ ಮಾರುವುದು ಮೇಲು. ಹೊಸ ಬಣ್ಣಕ್ಕೆ ಹಾಕಿದ ಹಣ ಪೂರ್ತಿಯಾಗಿ ಹಿಂದಿರುಗುವುದು ಅಪರೂಪ. ಅಲ್ಲದೆ, ಹೊಳಪಿನ ಅಡಿಯಲ್ಲಿ ತುಕ್ಕು ಅಡಗಿದೆಯೇನೋ ಎಂಬ ಅನುಮಾನ ಅನುಭವಸ್ಥ ಖರೀದಿದಾರರಿಗೆ ಬಂದೇ ಬರುತ್ತದೆ. ಬ್ರೇಕು, ಕಾರ್ಬ್ಯುರೇಟರ್, ಬ್ಯಾಟರಿಗಳನ್ನು ಸರಿಪಡಿಸಿ, ಕಾರನ್ನು ಓಡಿಸಿ ತೋರಿಸುವಂತಿದ್ದರೆ ಸಾಕು.

ಬೆಲೆಯನ್ನು ಮುಖ್ಯವಾಗಿ ನಿರ್ಧರಿಸುವುದು ಎಂಜಿನ್ ಮತ್ತು ತುಕ್ಕು. ಕಾರಿನ ಗುರುತಿನ ಸಂಖ್ಯೆಯ ಐದನೆಯ ಸ್ಥಾನದಲ್ಲಿ 'ಟಿ' ಇದ್ದರೆ ಅದು ಆರು ಸಿಲಿಂಡರಿನದು, 'ಸಿ' ಅಥವಾ 'ಎ' ಇದ್ದರೆ 289 ಘನ ಇಂಚಿನ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್. 271 ಅಶ್ವಶಕ್ತಿಯ 'ಕೆ' ಇದ್ದರೆ (ಅಂಥ ಅದೃಷ್ಟ ವಿರಳ) ತಜ್ಞರ ಮೌಲ್ಯಮಾಪನವಿಲ್ಲದೆ ಬೆಲೆ ಹೇಳಲೇಬೇಡಿ.

ಮುಂಗಾಜಿನ ಬುಡದಲ್ಲಿರುವ ಗಾಳಿಕಿಂಡಿಗೆ ನೀರು ಹೊಯ್ದಾಗ ಅದು ಕಾಲಿಡುವ ಜಾಗಕ್ಕೆ ಸೋರಿದರೆ, ಒಳಗಿನ ತಗಡನ್ನು ತುಕ್ಕು ತಿಂದಿರುವ ಸಾಧ್ಯತೆ ಹೆಚ್ಚು. ಅದರ ರಿಪೇರಿಗೆ ಬೆಸುಗೆ ಹಾಕಿದ ಭಾಗಗಳನ್ನೇ ಬಿಚ್ಚಬೇಕಾಗುವುದರಿಂದ ಖರ್ಚು ದೊಡ್ಡದು. ಆದ್ದರಿಂದ ಮುಚ್ಚಿಡದೆ ಫೋಟೊ ಸಮೇತ ಜಾಹೀರಾತಿನಲ್ಲೇ ತಿಳಿಸಿ. ಮಾಲೀಕತ್ವದ 'ಟೈಟಲ್' ಪತ್ರದಲ್ಲಿ ನಮೂದಾಗಿರುವ ಗುರುತಿನ ಸಂಖ್ಯೆ ಕಾರಿನ ಮೇಲೆ ಅಚ್ಚೊತ್ತಿರುವ ಸಂಖ್ಯೆಗೆ ಹೊಂದುತ್ತದೆಯೇ ಎಂಬುದನ್ನು ಅದಕ್ಕೂ ಮೊದಲೇ ನೋಡಿಕೊಳ್ಳಿ.